ಸರಕು ಹೋಯಿತು, ಸುದ್ದಿ ಬರಲಿಲ್ಲ

ಧಾರವಾಡ ಜಿಲ್ಲೆಯ ನಮ್ಮೂರು ಮೊರಬದ ಯರಿಹೊಲದಲ್ಲಿ ಬೆಳೆದ ಹತ್ತಿ ಒಂದು ಕಾಲಕ್ಕೆ ಮುಂಬಯಿ ಪೇಟೆ ಮುಟ್ಟುವಷ್ಟರಲ್ಲಿ ತನ್ನ ಊರಿನ ಹೆಸರು ಕಳೆದುಕೊಂಡಿರುತ್ತಿತ್ತು. ಅಲ್ಲಿ ಅದನ್ನು ‘ಕುಮಟಾ’ ಎಂದು ಕರೆಯುತ್ತಿದ್ದರು. ಕುಮಟೆ ಹತ್ತಿ ಬೆಳೆಯುವ ನಾಡಲ್ಲ, ಅಲ್ಲಿದ್ದದ್ದು ಬಂದರು. ನವಲಗುಂದ, ಹುಬ್ಬಳ್ಳಿ, ಗದಗ ಸೀಮೆಯ ಹತ್ತಿ ಎತ್ತಿನ ಬೆನ್ನೇರಿ, ಆಮೇಲಾಮೇಲೆ ಚಕ್ಕಡಿಯೇರಿ, ಘಟ್ಟ ಇಳಿದು ಅಲ್ಲಿ ಹಡಗು ಹತ್ತುತ್ತಿತ್ತು. ಮುಂಬಯಿ ಸಾಹುಕಾರನಿಗೆ ಕಂಡದ್ದು ಹಡಗು ಬಂದ ಊರು. ಅದರಾಚೆ ನೋಡುವ ಅಗತ್ಯ ಅವನಿಗೆ ಬೀಳಲಿಲ್ಲ. ಕೃಷಿ ವಿಜ್ಞಾನದ ಪುಸ್ತಕಗಳಲ್ಲೂ ನಮ್ಮ ಜವಾರಿ ಹತ್ತಿಗೆ ಕುಮಟಾ ಹತ್ತಿ ಎಂದೇ ಹೆಸರು ನಿಂತುಹೋಯಿತು. ಉತ್ತಿ ಬಿತ್ತಿದವರ ಸೀಮೆಯ ಹೆಸರು ಘಟ್ಟದ ಮೇಲೆಯೇ ಉಳಿಯಿತು.

‘ಪೂರೈಕೆ ಸರಪಳಿ’ ಎಂಬ ಮಾತಿನ ಲೆಕ್ಕ ತೆಗೆಯಲು ಕುಳಿತಾಗ ನನಗೆ ಮೊದಲು ನೆನಪಾಗುವುದು ಈ ಹೆಸರಿನ ಕಥೆ. ಮಾತು ಹಳೆಯದಲ್ಲ. 1982ರಲ್ಲಿ ಕೀತ್ ಆಲಿವರ್ ಎಂಬ ಸಲಹೆಗಾರರು ಲಂಡನ್ನಿನ ‘ಫೈನಾನ್ಶಿಯಲ್ ಟೈಮ್ಸ್’ ಪತ್ರಿಕೆಯೊಡನೆ ಮಾತಾಡುತ್ತ ‘ಸಪ್ಲೈ ಚೈನ್ ಮ್ಯಾನೇಜ್‌ಮೆಂಟ್’ ಎಂದರು. ಅಲ್ಲಿಂದ ಅದು ಜಗತ್ತಿನ ವಾಣಿಜ್ಯ ಶಾಲೆಗಳಿಗೆ ಹಬ್ಬಿತು. ಅದಕ್ಕೆ ಎರಡೇ ವರ್ಷ ಮೊದಲು, 1980ರ ಜುಲೈ 21ರಂದು, ನಮ್ಮ ನವಲಗುಂದ ಮತ್ತು ಪಕ್ಕದ ನರಗುಂದದಲ್ಲಿ ರೈತರು ಬೀದಿಗಿಳಿದು ಗೋಲಿಬಾರಿಗೆ ಎದೆಯೊಡ್ಡಿದ್ದರು. ಮಲಪ್ರಭೆಯ ನೀರಿನ ಕರ, ಅಭಿವೃದ್ಧಿ ಕರ, ಬಿದ್ದುಹೋದ ಹತ್ತಿಯ ದರ, ಈ ಮೂರೂ ಕೂಡಿ ಸಿಟ್ಟು ಹೊತ್ತಿಸಿದ್ದವು. ಆ ದಿನ ಸತ್ತವರನ್ನು ಪ್ರತಿ ಜುಲೈನಲ್ಲಿ ಇಂದಿಗೂ ನೆನೆಯುತ್ತೇವೆ. ಲಂಡನ್ನಿನ ಆ ಸಂದರ್ಶನಕ್ಕೂ ನವಲಗುಂದದ ಆ ಬೀದಿಗೂ ಏನೂ ಸಂಬಂಧ ಇರಲಿಲ್ಲ. ಆದರೆ ಎರಡೂ ಕಡೆ ಕೇಳಿದ್ದು ಒಂದೇ ಪ್ರಶ್ನೆ ಎಂದು ನನಗೆ ಅನ್ನಿಸುತ್ತದೆ: ಬಿತ್ತುವವನಿಂದ ಹಿಡಿದು ಕೊಳ್ಳುವವನ ತನಕ ಒಂದು ದಾರಿ ಇದೆಯಲ್ಲ, ಅದರಲ್ಲಿ ಯಾರಿಗೆ ಏನು ಗೊತ್ತಿರುತ್ತದೆ, ನಷ್ಟ ಬಂದರೆ ಅದು ಯಾರ ತಲೆಯ ಮೇಲೆ ಬೀಳುತ್ತದೆ?

ಪಾಠದ ಪುಸ್ತಕ ಈ ದಾರಿಯಲ್ಲಿ ಮೂರು ಹರಿವುಗಳನ್ನು ಹೇಳುತ್ತದೆ. ಸರಕು ಮುಂದಕ್ಕೆ ಹರಿಯುತ್ತದೆ, ಹಣ ಹಿಂದಕ್ಕೆ ಹರಿಯುತ್ತದೆ, ಮಾಹಿತಿ ಎರಡೂ ಕಡೆ ಹರಿಯಬೇಕು. ಮಾಹಿತಿ ಎಂಬುದಕ್ಕೆ ನಮ್ಮ ಕಡೆಯ ಮಾತು ಸುದ್ದಿ. ನೂರಾ ಎಂಬತ್ತು ವರ್ಷಗಳನ್ನು ತಿರುಗಿ ನೋಡಿದರೆ ಮೊರಬದಂಥ ಊರಿನಿಂದ ಸರಕು ಎಂದೂ ನಿಂತಿಲ್ಲ. ಹಣ ತಡವಾಗಿಯಾದರೂ, ಕಡಿಮೆಯಾಗಿಯಾದರೂ ಬಂದಿದೆ. ಬಾರದೇ ಉಳಿದದ್ದು ಸುದ್ದಿ. ಈ ಲೇಖನದಲ್ಲಿ ನನ್ನ ದೂರು ಅದೊಂದೇ.

1840ರ ದಶಕದಲ್ಲಿ ಧಾರವಾಡದ ಕಲೆಕ್ಟರ್ ಶಾ ನ್ಯೂ ಆರ್ಲಿಯನ್ಸ್ ಬೀಜ ತರಿಸಿ ಈ ನೆಲದಲ್ಲಿ ಬಿತ್ತಿಸಿದರು. ಹಿಂದೂಸ್ತಾನದ ಬಹಳ ಕಡೆ ಸೋತ ಆ ಬೀಜ ಇಲ್ಲಿ ನಿಂತಿತು. ‘ಧಾರವಾಡ ಅಮೆರಿಕನ್’ ಎಂದು ಹೆಸರಾಯಿತು. ಹೊಸ ಹತ್ತಿಯ ಅರಳೆ ಬೀಜಕ್ಕೆ ಗಟ್ಟಿಯಾಗಿ ಅಂಟಿಕೊಂಡಿರುತ್ತಿದ್ದರಿಂದ ಹಳೆಯ ಕೈರಾಟಿಗೆ ಬಗ್ಗಲಿಲ್ಲ, ಗರಗಸದ ಹಲ್ಲಿನ ಯಂತ್ರ ಬೇಕಾಯಿತು, ಅದನ್ನು ಮಾಡಲು ಧಾರವಾಡದಲ್ಲಿ ಸರಕಾರಿ ಕಾರ್ಖಾನೆ ಬಂತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿಕೊಂಡಾಗ ಮ್ಯಾಂಚೆಸ್ಟರಿನ ಗಿರಣಿಗಳು ಹತ್ತಿಗಾಗಿ ಇತ್ತ ತಿರುಗಿದವು, ದರ ಏರಿತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಧಾರವಾಡದ ಹತ್ತಿಗೆ ಕಾರವಾರದ ಕಡೆ ಒಳ್ಳೆಯ ಬಂದರು ಬೇಕು ಎಂಬುದು ಅದರ ಹಿಂದಿದ್ದ ದೊಡ್ಡ ಕಾರಣ. ಎರಡು ಪ್ರಾಂತಗಳ ಗಡಿಯನ್ನೇ ಸರಿಸುವಷ್ಟು ಶಕ್ತಿ ಸಾಗಾಟಕ್ಕೆ ಇತ್ತು. 1863ರಲ್ಲಿ ಹತ್ತಿಯಲ್ಲಿ ಕಲಬೆರಕೆ ತಡೆಯಲು ಮುಂಬಯಿ ಸರಕಾರ ಕಾನೂನನ್ನೇ ತಂದಿತು. ಹೀಗೆ ಯಂತ್ರ, ಬಂದರು, ಕಾನೂನು ಎಲ್ಲವೂ ಒಂದೊಂದಾಗಿ ಒದಗಿದವು.

1865ರಲ್ಲಿ ಯುದ್ಧ ಮುಗಿಯಿತು, ದರ ನೆಲ ಕಚ್ಚಿತು. ಮುಂಬಯಿಯ ದೊಡ್ಡ ದೊಡ್ಡ ಸಟ್ಟಾ ವ್ಯಾಪಾರಿಗಳು ಮುಳುಗಿದ ಕಥೆ ಇತಿಹಾಸದಲ್ಲಿ ದಾಖಲಾಗಿದೆ. ಆದರೆ ದರ ಏರಿದ್ದೇಕೆ, ಬಿದ್ದದ್ದೇಕೆ ಎಂದು ಯರಿಹೊಲದ ಒಕ್ಕಲಿಗನಿಗೆ ಯಾರು ಹೇಳಿರಬೇಕು? ಅಟ್ಲಾಂಟಿಕ್ ಆಚೆಯ ಯುದ್ಧ ಅವನ ಹೊಲದ ಬೆಳೆಯನ್ನು ಬದಲಿಸಿತ್ತು, ಶಾಂತಿ ಅವನ ಸಾಲವನ್ನು ಬೆಳೆಸಿತು. ಎರಡೂ ಅವನಿಗೆ ಬಂದು ಮುಟ್ಟಿದ್ದು ದರದ ರೂಪದಲ್ಲಿ ಮಾತ್ರ. ದರ ಎಂಬುದು ಸುದ್ದಿಯ ಕೊನೆಯ ಅಕ್ಷರ. ಪೂರ್ತಿ ವಾಕ್ಯ ಅಲ್ಲ.

1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಬಂತು. ಹುಬ್ಬಳ್ಳಿಯಿಂದ ಅಣ್ಣಿಗೇರಿ ಹಾದು ಗದಗಕ್ಕೆ ಹಳಿ ಬಿದ್ದವು, ಅತ್ತ ಮರ್ಮಗೋವಾ ಬಂದರಿಗೆ ದಾರಿಯಾಯಿತು. ಕುಮಟೆಯ ಬಂದರು ಬಡವಾಯಿತು. ಹೆಸರು ಮಾತ್ರ ಉಳಿಯಿತು.

ಈ ಸುದ್ದಿಯ ಬರವನ್ನು ಕಂಡುಕೊಂಡ ಹಿರಿಯರು ನಮ್ಮಲ್ಲೇ ಇದ್ದರು ಎಂಬುದನ್ನು ಅಭಿಮಾನದಿಂದ ಹೇಳಬೇಕು. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘ ಕಟ್ಟಿದರು. 1915ರಲ್ಲಿ ಹುಬ್ಬಳ್ಳಿಯಲ್ಲಿ, ಅದರ ಬೆನ್ನಿಗೇ ಗದಗದಲ್ಲಿ, ಸುಧಾರಿತ ಹತ್ತಿ ಬೆಳೆಸಿ ಕೂಡಿ ಮಾರುವ ಸಹಕಾರಿ ಸಂಘಗಳು ಹುಟ್ಟಿದವು. ಒಂದೊಂದು ಚಕ್ಕಡಿ ಹತ್ತಿ ತಂದವನಿಗೆ ಪೇಟೆ ತನ್ನ ಗುಟ್ಟು ಬಿಡುವುದಿಲ್ಲ. ನೂರು ಚಕ್ಕಡಿಯ ಹತ್ತಿ ಒಂದೇ ರಾಶಿಯಾದರೆ ಕೊಳ್ಳುವವನೇ ಮಾತಾಡಲು ಬರುತ್ತಾನೆ. ಇಂದಿನ ಪರಿಭಾಷೆಯಲ್ಲಿ ಇದು ‘ಕ್ರೋಡೀಕರಣ’. 2020ರಲ್ಲಿ ಕೇಂದ್ರ ಸರಕಾರ 10,000 ರೈತ ಉತ್ಪಾದಕರ ಸಂಸ್ಥೆಗಳನ್ನು ಕಟ್ಟುವ ಯೋಜನೆ ತಂದಾಗ ಅದನ್ನು ಹೊಸ ವಿಚಾರ ಎಂದು ವಿವರಿಸಿದರು. ನಮ್ಮ ಜಿಲ್ಲೆಯ ಮಟ್ಟಿಗೆ ಅದು ನೂರು ವರ್ಷ ದಾಟಿದ ವಿಚಾರ.

ಅಡತಿ ಅಂಗಡಿಯ ಮಾತಿಗೆ ಬರೋಣ. ಪೂರೈಕೆ ಸರಪಳಿಯ ಚರ್ಚೆ ಎಲ್ಲಿ ನಡೆದರೂ ‘ಮಧ್ಯವರ್ತಿಯನ್ನು ತೆಗೆದುಹಾಕಿ’ ಎಂಬ ಮಾತು ಮೊದಲು ಬರುತ್ತದೆ. ನಾನು ಅದನ್ನು ಹಾಗೇ ಒಪ್ಪುವುದಿಲ್ಲ. ಮುಂಗಾರಿಗೆ ಮೊದಲು ಬೀಜ ಗೊಬ್ಬರಕ್ಕೆ ರೊಕ್ಕ ಕೊಡುವವರು, ಮಗಳ ಮದುವೆಗೆ, ದವಾಖಾನೆಗೆ ರಾತ್ರೋರಾತ್ರಿ ಕೈಗಡ ಕೊಡುವವರು ಅಡತಿಯವರೇ. ಬ್ಯಾಂಕಿನ ಬಾಗಿಲು ತೆರೆಯುವ ಹೊತ್ತಿಗೆ ಹಂಗಾಮು ಹೋಗಿರುತ್ತದೆ. ಹಣ ಹಿಂದಕ್ಕೆ ಹರಿಯುತ್ತದೆ ಎನ್ನುವ ಪುಸ್ತಕದ ಚಿತ್ರಕ್ಕೆ ಇಲ್ಲೊಂದು ತಿದ್ದುಪಡಿ ಬೇಕು: ನಮ್ಮಲ್ಲಿ ಹಣ ಸರಕಿಗಿಂತ ಮೊದಲೇ ಬರುತ್ತದೆ, ಸಾಲವಾಗಿ. ಬಂದ ಹಣ ಸರಕಿನ ದಾರಿಯನ್ನು ಕಟ್ಟಿಹಾಕುತ್ತದೆ. ಉದ್ರಿ ತಂದ ಅಂಗಡಿಗೇ ಮಾಲು ಇಳಿಸಬೇಕು, ಅಂದಿನ ದರಕ್ಕೇ ಬಿಡಬೇಕು, ಪಟ್ಟಿಯಲ್ಲಿ ಸಾಲ, ಹಮಾಲಿ, ಬಾಡಿಗೆ ಮುರಿದುಕೊಂಡು ಉಳಿದದ್ದನ್ನು ಎಣಿಸಿಕೊಂಡು ಬರಬೇಕು. 1966ರ ಕರ್ನಾಟಕ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆ ತೂಕವನ್ನು, ಹರಾಜನ್ನು, ಕಡಿತಗಳನ್ನು ಶಿಸ್ತಿಗೆ ತಂದಿತು. ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಹೇಳುತ್ತಿದ್ದ ಕಾಲವನ್ನು ಕಂಡವರಿಗೆ ಅದು ಎಷ್ಟು ದೊಡ್ಡ ಹೆಜ್ಜೆ ಎಂದು ಗೊತ್ತು. ಸಾಲದ ಕಟ್ಟನ್ನು ಬಿಚ್ಚುವುದು ಆ ಕಾಯ್ದೆಯ ಕೈಯಲ್ಲಿ ಇರಲಿಲ್ಲ.

ಪುಸ್ತಕದ ಇನ್ನೊಂದು ಜೋಡಿ ಮಾತು ಮೇಲ್ಹರಿವು, ಕೆಳಹರಿವು. ಕಳಸಾ-ಬಂಡೂರಿ ನೀರಿಗಾಗಿ ವರ್ಷಗಟ್ಟಲೆ ಧರಣಿ ಕುಳಿತ ಸೀಮೆಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಮೇಲಿರುವವನು ಕಟ್ಟಿದರೆ ಕೆಳಗಿರುವವನ ಹೊಲ ಒಣಗುತ್ತದೆ. ಬೆಳೆಯ ಸರಪಳಿಯಲ್ಲಿ ರೈತ ಎಲ್ಲರಿಗಿಂತ ಮೇಲಿದ್ದಾನೆ ಎಂದು ನಾವು ತಿಳಿದಿದ್ದೆವು, ಬೀಜ ಬದಲಾಗುವ ತನಕ. 1972ರಲ್ಲಿ ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಲ್ಲಿ ಡಾ. ಬಿ. ಎಚ್. ಕಾತರಕಿಯವರು ‘ವರಲಕ್ಷ್ಮಿ’ ಹೈಬ್ರಿಡ್ ಹತ್ತಿಯನ್ನು ಕೊಟ್ಟರು. ಎರಡು ಬೇರೆ ಬೇರೆ ಜಾತಿಯ ಹತ್ತಿ ಕೂಡಿಸಿದ, ಉದ್ದ ಎಳೆಯ, ನಾಡಿಗೇ ಹೆಮ್ಮೆ ತಂದ ತಳಿ. ಮುಂದೆ ಡಿಸಿಎಚ್-32 ಬಂತು. 2002ರ ನಂತರ ಬಿಟಿ ಬಂತು. ಇಳುವರಿ ಹೆಚ್ಚಿತು, ನಿಜ. ಆದರೆ ಹೈಬ್ರಿಡ್‌ ಬೀಜವನ್ನು ಮನೆಯಲ್ಲಿ ಎತ್ತಿಟ್ಟು ಬಿತ್ತಲು ಬರುವುದಿಲ್ಲ, ವರ್ಷವರ್ಷವೂ ಕೊಳ್ಳಬೇಕು. ಮೊದಲು ಕ್ವಿಂಟಲ್ ಹತ್ತಿಯಲ್ಲಿ ಮೂರನೆಯ ಒಂದು ಪಾಲು ಅರಳೆಯಾಗಿ ಊರು ಬಿಟ್ಟರೆ, ಉಳಿದ ಹತ್ತಿಕಾಳಿನಲ್ಲಿ ಒಂದು ಪಾಲು ಎಮ್ಮೆಯ ಗೋದಲಿಗೆ, ಒಂದು ಪಾಲು ಮುಂದಿನ ಬಿತ್ತನೆಗೆ ಎಂದು ಊರಲ್ಲೇ ಉಳಿಯುತ್ತಿತ್ತು. ಈಗ ರೈತನ ಮೇಲೆಯೂ ಬೀಜ ಮಾರುವವರಿದ್ದಾರೆ, ಕೆಳಗೆ ಕೊಳ್ಳುವವರೂ ಇದ್ದಾರೆ. ಬೀಜ ಸಿಗದ ವರ್ಷ, ಯೂರಿಯಾ ಚೀಲಕ್ಕೆ ನಸುಕಿನಿಂದ ಪಾಳಿ ಹಚ್ಚಿದ ವರ್ಷ ಇದು ಎಲ್ಲರಿಗೂ ಕಾಣುತ್ತದೆ.

ಇನ್ನು ‘ದಾಸ್ತಾನು’. ಈ ಮಾತಿನ ಹತ್ತಿರ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ಇದರಲ್ಲಿ ನಾವು ಕಳೆದುಕೊಂಡದ್ದು ಹೆಚ್ಚು.

ಮೊರಬದ ಹಿರಿಯರಿಗೆ ಹಗೇವು ಗೊತ್ತು. ನೀರು ನಿಲ್ಲದ ಎತ್ತರದ ಜಾಗ ನೋಡಿ, ಆಳುದ್ದಕ್ಕಿಂತ ಆಳವಾಗಿ ತೋಡಿ, ಬಾಯಿ ಕಿರಿದು ಹೊಟ್ಟೆ ದೊಡ್ಡದು ಮಾಡಿ, ಸುತ್ತ ಒಣ ಹುಲ್ಲು ಕಣಿಕೆ ಒತ್ತಿ, ಒಳಗೆ ಜೋಳ ಸುರಿದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಗಾಳಿಯಾಡದ ಒಳಗೆ ಹುಳ ಬದುಕುತ್ತಿರಲಿಲ್ಲ. ಜೋಳ ವರ್ಷಗಟ್ಟಲೆ ಇರುತ್ತಿತ್ತು. ತೆಗೆಯುವ ದಿನ ಬಾಯಿ ಬಿಚ್ಚಿ ಕಾಯಬೇಕು, ಕೆಟ್ಟ ಗಾಳಿ ಹೋಗಬೇಕು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟು ಅದು ಆರದೇ ಇದ್ದರೆ ಮಾತ್ರ ಮನುಷ್ಯ ಇಳಿಯಬೇಕು. ಈ ತಾಳ್ಮೆ ತಪ್ಪಿ ಜೀವ ಹೋದ ಮನೆಗಳೂ ಇವೆ. ವಾಣಿಜ್ಯ ಶಾಲೆಯಲ್ಲಿ ಇದಕ್ಕೆ ‘ಸುರಕ್ಷತಾ ದಾಸ್ತಾನು’ ಎನ್ನುತ್ತಾರೆ. ಬೇಡಿಕೆ ಹೆಚ್ಚಾದರೂ, ಪೂರೈಕೆ ತಪ್ಪಿದರೂ ಕೈ ಬರಿದಾಗಬಾರದು ಎಂದು ಎತ್ತಿಟ್ಟದ್ದು. 1876-78ರ ಬರ ಧಾರವಾಡ ಜಿಲ್ಲೆಯನ್ನು ಹಣ್ಣು ಮಾಡಿದಾಗ ಹಗೇವು ತುಂಬಿದ್ದ ಮನೆ ಮತ್ತು ಬರಿದಾದ ಮನೆಯ ನಡುವೆ ಇದ್ದ ಅಂತರ ಬದುಕು ಸಾವಿನದು.

ಹಗೇವಿನಲ್ಲಿ ಕಾಳಿನ ಜೊತೆ ಇನ್ನೊಂದು ಇತ್ತು: ಕಾಯುವ ಹಕ್ಕು. ಸುಗ್ಗಿಯಲ್ಲಿ ದರ ಬಿದ್ದರೆ ಮಾರದೇ ಇರುವ, ಮುಂದಿನ ಮಳೆ ನೋಡಿ ತೆಗೆಯುವ ತೀರ್ಮಾನ ಮನೆಯ ಯಜಮಾನನ ಕೈಯಲ್ಲಿತ್ತು. ಯಾವ ಓಣಿಯಲ್ಲಿ ಎಷ್ಟು ಹಗೇವು ತುಂಬಿವೆ ಎಂಬ ಸುದ್ದಿ ಊರಿಗೆಲ್ಲ ಗೊತ್ತಿತ್ತು. ಜೋಳದ ಜಾಗಕ್ಕೆ ಹತ್ತಿ, ಹೆಸರು, ಗೋವಿನಜೋಳ ಬಂದವು. ಪಡಿತರದ ಅಕ್ಕಿ ಬಂತು. ಓಣಿಗೆ ಸಿಮೆಂಟು ಬಿತ್ತು. ಹಗೇವು ಮುಚ್ಚಿದವು. ಅದನ್ನು ತಿರುಗಿ ತೋಡಿರೆಂದು ನಾನು ಹೇಳುತ್ತಿಲ್ಲ. ದಾಸ್ತಾನು ಊರು ಬಿಟ್ಟು ಗೋದಾಮಿಗೆ ಹೋದಾಗ ಕಾಯುವ ಹಕ್ಕು ಮತ್ತು ಸುದ್ದಿ ಎರಡೂ ಅದರ ಜೊತೆ ಹೋದವು ಎಂದಷ್ಟೇ ನೆನಪಿಸುತ್ತೇನೆ. 2007ರ ಉಗ್ರಾಣ ಕಾಯ್ದೆ ಆ ಹಕ್ಕನ್ನು ಕಾಗದದ ಮೇಲೆ ಹಿಂದಿರುಗಿಸಿತು: ನೋಂದಾಯಿತ ಗೋದಾಮಿನಲ್ಲಿ ಕಾಳು ಇಟ್ಟು, ರಸೀದಿ ಪಡೆದು, ರಸೀದಿಯನ್ನೇ ಅಡವಿಟ್ಟು ಸಾಲ ಪಡೆಯಬಹುದು, 2017ರಿಂದ ಆ ರಸೀದಿ ಗಣಕದಲ್ಲೂ ಇದೆ. ಒಳ್ಳೆಯ ಕಾನೂನು. ಎರಡು ಎಕರೆಯವನ ಎಂಟು ಚೀಲ ಕಡಲೆಗೆ ಅದು ಎಟುಕಬೇಕಾದರೆ ನೋಂದಾಯಿತ ಗೋದಾಮು ಚಕ್ಕಡಿಯ ದೂರದಲ್ಲಿ ಇರಬೇಕು.

ಈಗ ಬಾರಕೋಲಿನ ವಿಷಯ. ಪೂರೈಕೆ ಸರಪಳಿಯ ಪಾಠದಲ್ಲಿ ಎಲ್ಲಕ್ಕಿಂತ ಹೆಸರಾದ ಸಿದ್ಧಾಂತಕ್ಕೆ ಎತ್ತು ಹೊಡೆಯುವ ಚಾಟಿಯ ಹೆಸರೇ ಇದೆ. ಎಂಐಟಿಯ ಜೇ ಫಾರೆಸ್ಟರ್ 1961ರಲ್ಲಿ ಲೆಕ್ಕ ಹಾಕಿ ತೋರಿಸಿದ್ದನ್ನು 1997ರಲ್ಲಿ ಹಾವ್ ಲೀ ಮತ್ತು ಅವರ ಸಂಗಡಿಗರು ಈ ಹೆಸರಿನಿಂದ ವಿವರಿಸಿದರು. ಪ್ರಾಕ್ಟರ್ ಆ್ಯಂಡ್ ಗ್ಯಾಂಬಲ್ ಕಂಪನಿ ಕೂಸುಗಳ ಡೈಪರ್ ಮಾರುತ್ತಿತ್ತು. ಕೂಸುಗಳ ಸಂಖ್ಯೆ ದಿನಕ್ಕೊಂದು ತರ ಆಗುವುದಿಲ್ಲ, ಅಂಗಡಿಯ ಮಾರಾಟವೂ ಹೆಚ್ಚು ಕಡಿಮೆ ಒಂದೇ ಸಮ. ಆದರೆ ಸಗಟು ವ್ಯಾಪಾರಿಗಳು ಕಂಪನಿಗೆ ಕೊಡುವ ಆರ್ಡರು ಏರುಪೇರು, ಕಂಪನಿ ಕಚ್ಚಾಮಾಲಿಗೆ ಕೊಡುವ ಆರ್ಡರು ಇನ್ನೂ ಏರುಪೇರು. ಕಾರಣ ಸರಳ. ಪ್ರತಿಯೊಬ್ಬನಿಗೂ ತನ್ನ ಮುಂದಿನವನು ಎಷ್ಟು ಕೇಳಿದ ಎಂಬುದಷ್ಟೇ ಕಾಣುತ್ತದೆ. ಕೊನೆಗೆ ನಿಜವಾಗಿ ಬಳಸಿದವರೆಷ್ಟು ಎಂಬುದು ಕಾಣುವುದಿಲ್ಲ. ಭಯಕ್ಕೆ ಒಂದಿಷ್ಟು ಹೆಚ್ಚು ಸೇರಿಸಿ ಕೇಳುತ್ತಾನೆ. ಬಾರಕೋಲು ಹಿಡಿದವರಿಗೆ ಇದು ಕೈಯಲ್ಲೇ ಗೊತ್ತಿರುವ ಸತ್ಯ: ಮುಂಗೈ ಗೇಣುದ್ದ ಆಡಿದರೆ ಬಾರಿನ ತುದಿ ಮಾರುದ್ದ ಹಾರಿ ಬಡಿಯುತ್ತದೆ.

ನಮ್ಮ ಉಳ್ಳಾಗಡ್ಡಿಯನ್ನು ನೋಡಿ. ಮುಂಗಾರಿಗೆ ಹಾಕಿದ್ದು ಸೆಪ್ಟೆಂಬರಿನಿಂದ ನವೆಂಬರಿನ ಒಳಗೆ ಕೀಳುತ್ತೇವೆ. ಮಹಾರಾಷ್ಟ್ರದ ಬೇಸಿಗೆ ಗಡ್ಡೆಯಂತೆ ಇದನ್ನು ತಿಂಗಳುಗಟ್ಟಲೆ ಇಡಲು ಬರುವುದಿಲ್ಲ, ನೀರು ತುಂಬಿದ ಗಡ್ಡೆ, ಕೊಳೆಯುತ್ತದೆ. ಆ ಬೇಸಿಗೆ ದಾಸ್ತಾನು ತೀರುತ್ತ ಬಂದಾಗ ದಿಲ್ಲಿಯಲ್ಲಿ ದರ ಏರುತ್ತದೆ. ಅದೇ ಹೊತ್ತಿಗೆ ನಮ್ಮ ಗಡ್ಡೆ ಹೊಲದಲ್ಲಿ ಬಲಿಯುತ್ತಿರುತ್ತದೆ. ಅದೇ ಹೊತ್ತಿಗೆ ಸರಕಾರದ ಆದೇಶ ಬರುತ್ತದೆ. 2019ರ ಸೆಪ್ಟೆಂಬರ್ 29ಕ್ಕೆ ರಫ್ತು ನಿಷೇಧ. 2020ರ ಸೆಪ್ಟೆಂಬರ್ 14ಕ್ಕೆ ಮತ್ತೆ ನಿಷೇಧ. 2023ರ ಆಗಸ್ಟಿನಲ್ಲಿ ಶೇ. 40 ರಫ್ತು ಸುಂಕ, ಡಿಸೆಂಬರ್ 8ಕ್ಕೆ ಪೂರ್ತಿ ನಿಷೇಧ, ಅದು ತೆರವಾದದ್ದು 2024ರ ಮೇ ತಿಂಗಳಲ್ಲಿ, ಸುಂಕ ಪೂರ್ತಿ ಹೋದದ್ದು 2025ರ ಏಪ್ರಿಲ್ 1ಕ್ಕೆ. ನಗರದ ಮನೆಯಲ್ಲಿ ವಾರಕ್ಕೆ ತಿನ್ನುವ ಉಳ್ಳಾಗಡ್ಡಿ ಒಂದು ಪಾವು ಹೆಚ್ಚು ಕಡಿಮೆ ಆಗಿರಬಹುದು, ಅಷ್ಟೆ. ಮುಂಗೈ ಆಡಿದ್ದು ಅಷ್ಟು. ಬಾರಿನ ತುದಿ ಬಿದ್ದದ್ದು ಕಿತ್ತು ರಾಶಿ ಹಾಕಿದ ಹೊಲದಲ್ಲಿ. ಪೆಟ್ಟು ತಿಂದವನು ಮುಂದಿನ ವರ್ಷ ಹಾಕುವುದಿಲ್ಲ. ಹಾಕದ್ದರಿಂದ ದರ ಏರುತ್ತದೆ. ಏರಿದ್ದು ನೋಡಿ ಅದರ ಮುಂದಿನ ವರ್ಷ ಊರಿಗೆ ಊರೇ ಹಾಕುತ್ತದೆ. ಗ್ರಾಹಕನಿಗೆ ಅಗ್ಗವಾಗಿ ಸಿಗಬೇಕು ಎಂಬುದನ್ನು ನಾನು ತಪ್ಪೆನ್ನುವುದಿಲ್ಲ, ಕೂಲಿಯವರ ರೊಟ್ಟಿಯ ಜೊತೆ ಕಚ್ಚಿಕೊಳ್ಳಲು ಇರುವುದೇ ಉಳ್ಳಾಗಡ್ಡಿ. ಆದರೆ ಬಿತ್ತುವ ಮೊದಲು ಹೇಳದ ನಿಯಮವನ್ನು ಕೀಳುವ ದಿನ ಹೇಳುವುದು ಅನ್ಯಾಯ. ಈ ಮಾತನ್ನು ಮೆತ್ತಗೆ ಮಾಡಲು ನನಗೆ ಮನಸ್ಸಿಲ್ಲ.

‘ಗುಣಮಟ್ಟ’ ಎಂಬ ಮಾತು ಮನೆಗೇ ಬಂದ ಕಥೆಯೊಂದಿದೆ. ಹೆಸರು ರಾಶಿಗೆ ಬರುವುದು ಶ್ರಾವಣ ಭಾದ್ರಪದದ ಜಿಟಿಜಿಟಿ ಮಳೆಯಲ್ಲಿ. ಯರಿಮಣ್ಣು ಹಸಿಯಾದರೆ ಚಕ್ಕಡಿಯ ಗಾಲಿ ಹೂಳುತ್ತದೆ, ಟ್ರ್ಯಾಕ್ಟರ್ ಕೂಡ ಹೊಲ ಬಿಟ್ಟು ಬರುವುದಿಲ್ಲ, ತುಪ್ಪರಿ ಹಳ್ಳ ತುಂಬಿದರೆ ದಾರಿಯೇ ಇಲ್ಲ. ಪುಸ್ತಕದವರು ‘ಕೊನೆಯ ಮೈಲಿ’ ಎಂದು ನಗರದ ಮನೆ ಬಾಗಿಲಿನ ಕಷ್ಟವನ್ನು ಹೇಳುತ್ತಾರೆ. ನಮ್ಮ ಕಷ್ಟ ಮೊದಲ ಮೈಲಿಯದು. ಒಂದು ವರ್ಷ ನಮ್ಮ ಮನೆಯ ಹೆಸರನ್ನು ಬೆಂಬಲ ಬೆಲೆಯ ಖರೀದಿ ಕೇಂದ್ರವೊಂದಕ್ಕೆ ಒಯ್ದೆವು. ತೇವಾಂಶ ನೂರಕ್ಕೆ 12ರ ಒಳಗಿರಬೇಕು. ಸಣ್ಣ ಯಂತ್ರದಲ್ಲಿ ಹಿಡಿ ಕಾಳು ಹಾಕಿ ನೋಡಿದರು, ಹೆಚ್ಚಿತ್ತು. ಅಣ್ಣ ಕೇಳಿದ, “ಎರಡ ದಿನಾ ಇಲ್ಲೇ ಹರವಿ ಒಣಗಸ್ತೇವ್ರೀ, ಜಾಗಾ ಕೊಡ್ರಿ.” ಕೇಂದ್ರದವರು ಹೇಳಿದರು, “ಜಾಗಾ ಇಲ್ರೀ ಗೌಡ್ರ, ಒಣಗಿಸಿದ್ರೂ ಚೀಲ ಬಂದಿಲ್ರೀ.” ಖಾಲಿ ಗೋಣಿಚೀಲ ಬಂಗಾಳದಿಂದ ಬರಬೇಕಿತ್ತು. ಕಾಳು ಇದೆ, ರೊಕ್ಕ ಮಂಜೂರಾಗಿದೆ, ಹಮಾಲರು ಕುಳಿತಿದ್ದಾರೆ, ಚೀಲ ಇಲ್ಲ. ಸರಪಳಿಯ ಬಲ ಅದರ ಸೋತ ಕೊಂಡಿಯಷ್ಟೇ ಎಂಬ ಪಾಠವನ್ನು ನಾನು ಕಲಿತದ್ದು ಆ ಖಾಲಿ ಚೀಲದ ಮುಂದೆ. ರಾತ್ರಿ ಆ ಹೆಸರು ಅಡತಿ ಅಂಗಡಿ ಸೇರಿತು, ಬೆಂಬಲ ಬೆಲೆಗಿಂತ ಬಹಳ ಕೆಳಗೆ. 2025-26ಕ್ಕೆ ಹೆಸರಿನ ಬೆಂಬಲ ಬೆಲೆ ಕ್ವಿಂಟಲಿಗೆ 8,768 ರೂಪಾಯಿ. ಆ ಅಂಕಿ ಹೊಲದಲ್ಲಿ ನಿಜವಾಗಬೇಕಾದರೆ ಹೋಬಳಿಗೊಂದು ಒಣಗಿಸುವ ಯಂತ್ರ, ರಾಶಿಗೆ ಮೊದಲೇ ಚೀಲ, ಇವೆರಡು ಸಣ್ಣ ವಿಷಯ ಆಗಲೇಬೇಕು.

ಬ್ಯಾಡಗಿ ಮೆಣಸಿನಕಾಯಿಯಲ್ಲಿ ಗುಣಮಟ್ಟಕ್ಕೆ ಇನ್ನೊಂದು ಭಾಷೆ. ಖಾರ ಕಡಿಮೆ, ಬಣ್ಣ ಹೆಚ್ಚು. ಆ ಬಣ್ಣಕ್ಕಾಗಿಯೇ ಕಾಯಿಯ ಸತ್ವ ತೆಗೆಯುವ ಓಲಿಯೋರೆಸಿನ್ ಕಾರ್ಖಾನೆಗಳು ಕೊಳ್ಳುತ್ತವೆ. 2011ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿತು. ನಮ್ಮವರು ಕಾಯಿಯನ್ನು ಅಂಗೈಯಲ್ಲಿ ಹಿಡಿದು, ಸುಕ್ಕು ನೋಡಿ, ಮುರಿದು ಮೂಸಿ ‘ಡಬ್ಬಿ’, ‘ಕಡ್ಡಿ’ ಎನ್ನುತ್ತಾರೆ. ಕೊಳ್ಳುವ ಕಂಪನಿ ಆಸ್ಟಾ ಎಂಬ ಅಳತೆಯಲ್ಲಿ ಬಣ್ಣದ ಅಂಕಿ ಕೇಳುತ್ತದೆ. ಅಮೆರಿಕದ ಸಾಂಬಾರ ವ್ಯಾಪಾರಿಗಳ ಸಂಘ ಮಾಡಿದ ಅಳತೆ. ಆ ಅಂಕಿ ಪ್ರಯೋಗಾಲಯದಲ್ಲಿ ಹುಟ್ಟುತ್ತದೆ, ಕಾಯಿ ಹುಟ್ಟಿಸಿದವನ ಕಿವಿಗೆ ಬೀಳುವುದು ಅಪರೂಪ.

2024ರ ಮಾರ್ಚ್ 11, ಸೋಮವಾರ. ಬ್ಯಾಡಗಿ ಮಾರುಕಟ್ಟೆಗೆ ಲಕ್ಷಗಟ್ಟಲೆ ಚೀಲ ಬಂದಿದ್ದವು. ದರ ಒಮ್ಮೆಲೇ ಕುಸಿಯಿತೆಂದು ರೊಚ್ಚಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳು ಸುಟ್ಟವು. ಬೆಂಕಿ ಹಚ್ಚಿದ್ದನ್ನು ಸರಿ ಎನ್ನಲಾರೆ. ಆದರೆ ಬೆಂಕಿಗೆ ಮೊದಲು ಒಂದು ಕತ್ತಲೆ ಇತ್ತು. ಬ್ಯಾಡಗಿ ಸುತ್ತ ಶೀತಲಗೃಹಗಳಿವೆ. ತಂಪಿನಲ್ಲಿ ಇಟ್ಟರೆ ಕಾಯಿಯ ಬಣ್ಣ ಉಳಿಯುತ್ತದೆ, ಹಿಂದಿನ ವರ್ಷದ್ದು ಈ ವರ್ಷವೂ ಮಾರಾಟಕ್ಕೆ ಬರುತ್ತದೆ. ಅದರೊಳಗೆ ಎಷ್ಟು ಚೀಲ ಉಳಿದಿವೆ, ಆಂಧ್ರದ ಕಾಯಿ ಎಷ್ಟು ಬರಲಿದೆ ಎಂಬ ಅಂದಾಜು ಕೊಳ್ಳುವವನ ಕೈಯಲ್ಲಿ ಇರುತ್ತದೆ. ಹಿಂದಿನ ವರ್ಷದ ದರ ನೋಡಿ ಹೆಚ್ಚು ಹೆಚ್ಚು ಎಕರೆಗೆ ಸಸಿ ಹಚ್ಚಿದವನ ಕೈಯಲ್ಲಿ ಇರುವುದಿಲ್ಲ. ಒಂದೇ ಬೆಳೆಯ ಇಬ್ಬರು ವ್ಯವಹಾರಸ್ಥರಲ್ಲಿ ಒಬ್ಬನಿಗೆ ಕಣ್ಣು, ಇನ್ನೊಬ್ಬನಿಗೆ ಕಟ್ಟಿದ ಬಟ್ಟೆ.

ಇದನ್ನೇ ನಮ್ಮ ಊರ ಕಟ್ಟೆಯ ಮೇಲೆ ಕುಳಿತಿದ್ದ ಕಾಕಾ ಒಬ್ಬರಿಗೆ ಒಬ್ಬ ಹುಡುಗ ಎರಡು ಮಾತಿನಲ್ಲಿ ಹೇಳಿದ. ಧಾರವಾಡದ ಕಡೆ ವಾಹನದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಪಗಾರಕ್ಕಿದ್ದಾನೆ. “ಕಾಕಾ, ನಮ್ಮ ಕಾರ್ಖಾನ್ಯಾಗ ಬೋಲ್ಟ ಎಷ್ಟ ಉಳದಾವು ಅಂತ ಬೋಲ್ಟ ಮಾಡಾವಗ ಮುಂಜಾನೇನ ಗೊತ್ತಾಗತೈತಿ. ಬೇಕಾದಷ್ಟ ಕಳಸ್ತಾನ, ಹೆಚ್ಚ ಮಾಡಂಗಿಲ್ಲ. ನಾವು ಬೆಳದ ಮೆಣಸಿನಕಾಯಿ ಎಷ್ಟ ಉಳದಾವು ಅಂತ ನಮಗ ಯಾರ ಹೇಳ್ತಾರ?” ಜಪಾನಿನ ಟೊಯೊಟಾ ಕಾರ್ಖಾನೆಯಲ್ಲಿ ತೈಇಚಿ ಓನೊ ಬೆಳೆಸಿದ ‘ಬೇಕಾದಾಗ ಬೇಕಾದಷ್ಟು’ ಎಂಬ ಪದ್ಧತಿ ಆ ಹುಡುಗನ ಬಾಯಲ್ಲಿ ಮೊರಬಕ್ಕೆ ಬಂದಿತ್ತು. ಕಾಕಾ ಏನೂ ಹೇಳಲಿಲ್ಲ. ತಂಬಾಕು ತಿಕ್ಕುತ್ತ ಕುಳಿತರು.

ಆ ಪದ್ಧತಿಯ ಸೋಲನ್ನೂ ನಾವು ಕಂಡೆವು. 2020ರ ಮಾರ್ಚಿನಲ್ಲಿ ದೇಶ ಬಾಗಿಲು ಹಾಕಿದಾಗ, 2021ರ ಮಾರ್ಚಿನಲ್ಲಿ ಸುಯೆಜ್ ಕಾಲುವೆಯಲ್ಲಿ ‘ಎವರ್ ಗಿವನ್’ ಹಡಗು ಆರು ದಿನ ಅಡ್ಡ ನಿಂತಾಗ, ದಾಸ್ತಾನಿಲ್ಲದೆ ನಡೆಸುತ್ತಿದ್ದವರೆಲ್ಲ ತತ್ತರಿಸಿದರು. ‘ಪೂರೈಕೆ ಸರಪಳಿ’ ಎಂಬ ಮಾತು ಕನ್ನಡ ಪತ್ರಿಕೆಗಳ ಮುಖಪುಟಕ್ಕೆ ಬಂದದ್ದೂ ಆಗಲೇ. ಜಗತ್ತಿನ ಕಂಪನಿಗಳು ಒಂದಿಷ್ಟು ಎತ್ತಿಟ್ಟುಕೊಳ್ಳಬೇಕು ಎಂಬ ಪಾಠಕ್ಕೆ ಮರಳಿದವು. ನಮ್ಮ ಹಿರಿಯರು ಅದನ್ನು ನೆಲದೊಳಗೆ ಬರೆದಿಟ್ಟಿದ್ದರು.

ಆಗಿರುವ ಸುಧಾರಣೆಯನ್ನೂ ಮರೆಯಬಾರದು. 2014ರಲ್ಲಿ ಕರ್ನಾಟಕ ತನ್ನ ಮಾರುಕಟ್ಟೆಗಳನ್ನು ಗಣಕದ ಹರಾಜಿಗೆ ಜೋಡಿಸಿದಾಗ ದೇಶ ತಿರುಗಿ ನೋಡಿತು. 2016ರ ಏಪ್ರಿಲ್ 14ರಂದು ಬಂದ ಕೇಂದ್ರದ ಗಣಕ ಮಾರುಕಟ್ಟೆ ಇ-ನಾಮ್ ಅದೇ ದಾರಿ ಹಿಡಿಯಿತು. ಇಂದು ಹುಬ್ಬಳ್ಳಿಯ ಅಮರಗೋಳ ಮಾರುಕಟ್ಟೆಯ ದರ ಮೊರಬದ ಹುಡುಗನ ಮೊಬೈಲಿನಲ್ಲಿ ಅದೇ ದಿನ ಕಾಣುತ್ತದೆ. ಅಜ್ಜನ ಕಾಲಕ್ಕೆ ಹೋಲಿಸಿದರೆ ಇದು ದೊಡ್ಡ ಗಳಿಕೆ. 2020ರ ಕೃಷಿ ಕಾನೂನುಗಳ ಗದ್ದಲದಲ್ಲಿ, 2021ರ ನವೆಂಬರಿನಲ್ಲಿ ಅವು ಹಿಂದೆ ಹೋದ ಮೇಲೂ, ಎಲ್ಲಿ ಮಾರಬೇಕು, ಯಾರಿಗೆ ಮಾರಬೇಕು ಎಂಬ ಚರ್ಚೆಯೇ ನಡೆಯಿತು. ಬಿತ್ತುವ ಮೊದಲು ರೈತನಿಗೆ ಏನು ಗೊತ್ತಿರಬೇಕು ಎಂದು ಯಾರೂ ಅಷ್ಟು ಗಟ್ಟಿಯಾಗಿ ಕೇಳಲಿಲ್ಲ.

ಮೊಬೈಲಿನಲ್ಲಿ ಬರುವುದು ನಿನ್ನೆಯ ದರ. ಬೇಕಾದದ್ದು ಇಂದಿನ ದಾಸ್ತಾನು. ಶೀತಲಗೃಹಗಳಲ್ಲಿ ಎಷ್ಟು ಚೀಲ ಮೆಣಸಿನಕಾಯಿ ಇದೆ, ಸರಕಾರಿ ಗೋದಾಮಿನಲ್ಲಿ ಎಷ್ಟು ಕ್ವಿಂಟಲ್ ಹೆಸರು ಕಡಲೆ ಇದೆ, ಹೊರದೇಶದಿಂದ ಎಷ್ಟು ಬೇಳೆ ಬರುತ್ತಿದೆ, ಈ ಹಂಗಾಮಿಗೆ ಯಾವ ತಾಲ್ಲೂಕಿನಲ್ಲಿ ಎಷ್ಟು ಎಕರೆ ಉಳ್ಳಾಗಡ್ಡಿ ಬಿದ್ದಿದೆ. ಇವುಗಳಲ್ಲಿ ಬಹಳಷ್ಟು ಯಾವುದೋ ಕಚೇರಿಯ ಕಡತದಲ್ಲಿ ಇದ್ದೇ ಇರುತ್ತವೆ. ಅವನ್ನು ವಾರಕ್ಕೊಮ್ಮೆ ಕನ್ನಡದಲ್ಲಿ, ಹೋಬಳಿಯ ಹಲಗೆಯ ಮೇಲೆ ಬರೆಯಲು ಹೊಸ ಕಾನೂನು ಬೇಕಿಲ್ಲ. ಅಕ್ಷಯ ತದಿಗೆಯಿಂದ ಮಿರಗದ ಮಳೆಯ ತನಕ, ಬೀಜ ಕೊಳ್ಳುವ ಆ ಐದಾರು ವಾರ ಬರೆದರೂ ಸಾಕು.

ಬರುವ ಮುಂಗಾರಿಗೂ ಮೊರಬದ ಕಟ್ಟೆಯ ಮೇಲೆ ಕಾಕಾ ಕೇಳುತ್ತಾರೆ, “ಈ ಸಲ ಏನ ಹಾಕೂಣ್ರೀ?” ಹಲಗೆ ಅವರ ಎದುರಿಗಿನ ಗ್ರಾಮ ಪಂಚಾಯಿತಿಯ ಗೋಡೆಗೇ ಇದೆ. ಅದರ ಮೇಲೆ ಹೋದ ವರ್ಷದ ಯಾವುದೋ ಯೋಜನೆಯ ಬಣ್ಣ ಮಾಸಿದ ಚೀಟಿ ಅಂಟಿದೆ; ಉಳಿದದ್ದೆಲ್ಲ ಖಾಲಿ ಜಾಗ.